ಹಿರಿಯರ ಸಮುದ್ರವಿಹಾರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಸೀಮೆಗಳ ಜನರಾದ ನಮಗೆ ಸಮುದ್ರವೆಂಬುದು ಬಹುಮಟ್ಟಿಗೆ ಕಿವಿಯಿಂದ ಬಂದ ವಸ್ತು. ದೇವತೆಗಳು ಅದನ್ನು ಕಡೆದರೆಂದೂ ಕಪಿಗಳು ಅದಕ್ಕೆ ಸೇತುವೆ ಕಟ್ಟಿದರೆಂದೂ ಹರಿಕಥೆಯಲ್ಲಿ ಕೇಳಿದ್ದೇವೆ. ಕಣ್ಣಾರೆ ಕಂಡ ಅತಿ ದೊಡ್ಡ ನೀರೆಂದರೆ ಒಳ್ಳೆಯ ಮಳೆಯಾದ ವರ್ಷ ಕೋಡಿ ಬಿದ್ದ ಊರ ಕೆರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಈಗ ಎಪ್ಪತ್ತೈದು, ಎಂಬತ್ತು ಮುಟ್ಟಿರುವ ನಮ್ಮ ಹಿರಿಯರು ಹುಟ್ಟಿದ ಕಾಲಕ್ಕೆ ಅವರ ಮೈಸೂರಿಗೇ ಕಡಲ ತಡಿಯಿರಲಿಲ್ಲ. ೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡ, ಉತ್ತರ ಕನ್ನಡ ಜಿಲ್ಲೆಗಳು ಬಂದು ಕೂಡಿದ ಮೇಲೆ ನಮಗೆ ಸ್ವಂತವೆನ್ನಲು ಒಂದು ಸಮುದ್ರ ಒದಗಿತು. ಒದಗಿದುದು ಭೂಪಟದಲ್ಲಿ. ಹೊಲ ಮನೆ, ಹುಳುವಿನ ಸಾಕಣೆ, ಮಕ್ಕಳ ಓದು ಮದುವೆ ಎಂದು ದುಡಿದವರಿಗೆ ಅದನ್ನು ಹೋಗಿ ನೋಡುವ ಬಿಡುವು ಒದಗುವ ಹೊತ್ತಿಗೆ ಮಂಡಿ ಹಿಡಿದುಹೋಗಿತ್ತು.

ಈಗ ಮಕ್ಕಳು ಬೆಂಗಳೂರಿನಲ್ಲಿ ಸಂಪಾದಿಸುತ್ತಾರೆ. ಮೋಟಾರು ಇದೆ, ರಜವಿದೆ, ತಂದೆತಾಯಿಗಳನ್ನು ಬಿಟ್ಟುಹೋಗಬಾರದೆಂಬ ಸದ್ಬುದ್ಧಿಯೂ ಇದೆ. ಎಲ್ಲರೂ ಕೂಡಿ ಹೊರಡುತ್ತಾರೆ. ಹೋದ ಮೇಲೆ ಏನು ನಡೆಯುತ್ತದೆ ಎಂಬುದನ್ನು ನಾವು ಒಂದಲ್ಲ, ಹಲವು ತೀರಗಳಲ್ಲಿ ಕಂಡಿದ್ದೇವೆ. ಗಾಡಿ ತೆಂಗಿನ ತೋಪಿನ ಬಳಿ ನಿಲ್ಲುತ್ತದೆ. ಅಲ್ಲಿಂದ ನೀರಿಗೆ ಇನ್ನೂರು ಗಜ ಸಡಿಲ ಮರಳು. ಹುಡುಗರು ಓಡಿಹೋಗುತ್ತಾರೆ, ಮಗನೂ ಸೊಸೆಯೂ ಅವರ ಹಿಂದೆ. ಅಜ್ಜಿ ಹತ್ತು ಹೆಜ್ಜೆ ಇಟ್ಟು, ಕಾಲು ಹೂತು, 'ನೀವು ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ' ಎಂದು ಹಿಂದಿರುಗುತ್ತಾಳೆ. ಅವಳ ಸುತ್ತ ಎಲ್ಲರ ಚಪ್ಪಲಿಗಳು, ಕೈಚೀಲಗಳು, ಫೋನುಗಳು. ಎರಡು ಗಂಟೆಗಳ ಕಾಲ ಅವಳು ಚಪ್ಪಲಿ ಕಾಯುತ್ತಾಳೆ. ಸಂಜೆ 'ಸಮುದ್ರ ಹೇಗಿತ್ತಮ್ಮ?' ಎಂದು ಕೇಳಿದರೆ 'ಗಾಳಿ ಚೆನ್ನಾಗಿತ್ತಪ್ಪ' ಎನ್ನುತ್ತಾಳೆ. ನಾನೂರು ಕಿಲೋಮೀಟರು ಕರೆದೊಯ್ದು ಆಕೆಗೆ ಕೊಡಿಸಿದುದು ಗಾಳಿಯನ್ನು ಮಾತ್ರ. ಗಾಳಿಗೆ ನಂದಿಯ ಬೆಟ್ಟವೇ ಸಾಕಾಗಿತ್ತು.

ನಮ್ಮ ಸೀಮೆಯಲ್ಲಿ ಕೀಲು ಹಿಡಿದವರು ಹೆಚ್ಚೆಂದು ತೋರುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ಕುಕ್ಕುರುಗಾಲಿನಲ್ಲಿ ಕುಳಿತು ಕಳೆ ಕಿತ್ತವರು, ನೂಲು ಬಿಚ್ಚುವ ಚರಕದ ಮುಂದೆ ಬಿಸಿನೀರಿಗೆ ಕೈಯಿಟ್ಟು ಹಗಲೆಲ್ಲ ಕಳೆದವರು ಇಲ್ಲಿ ಮನೆಮನೆಯಲ್ಲಿದ್ದಾರೆ. ಇದಲ್ಲದೆ ಕೆರೆ ಬತ್ತಿ, ಬಾವಿ ಬತ್ತಿ, ಕೊಳವೆಬಾವಿ ಆಳಕ್ಕೆ ಇಳಿದಂತೆಲ್ಲ ಕುಡಿಯುವ ನೀರಿನಲ್ಲಿ ಫ್ಲೋರೈಡು ಬೆರೆತು ಬಂದಿತು. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಾದ ಈ ಲವಣವನ್ನು ವರ್ಷಗಟ್ಟಲೆ ಕುಡಿದವರಿಗೆ ಮೊದಲು ಹಲ್ಲು ಕಲೆಯಾಗುತ್ತದೆ. ಅದು ಬಹಳವಾದಲ್ಲಿ ಮೂಳೆ ಗಡುಸಾಗಿ, ಬೆನ್ನೂ ಕೀಲೂ ಬಗ್ಗದಂತಾಗುತ್ತವೆ. ಇಂಥವರಿಗೆ ಸಮುದ್ರಸ್ನಾನದಿಂದ ಗುಣವಾಗುವುದೆಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ. ಆದರೆ ನೀರಿನಿಂದಲೇ ಕಾಲು ಕಳೆದುಕೊಂಡವರು ಒಮ್ಮೆ ಅಪಾರವಾದ ನೀರನ್ನು ನೋಡಬೇಕೆಂದರೆ, ಆ ಆಸೆಯನ್ನು ಚಪ್ಪಲಿಯ ಕಾವಲಿಗೆ ಮುಗಿಸುವುದು ನ್ಯಾಯವಲ್ಲ.

ಆದುದರಿಂದ ಈ ಹೊತ್ತು ನಾವು ಹೇಳಬಯಸುವುದು ಇಷ್ಟು: ನಡೆಯಲಾರದವರಿಗೆ ತೀರವನ್ನು ಆರಿಸುವಾಗ ಕೊನೆಯ ನೂರು ಗಜದಿಂದ ಆರಂಭಿಸಬೇಕು. ಗಾಡಿ ಇಳಿದ ಜಾಗಕ್ಕೂ ಅಲೆ ಕಾಣುವ ಜಾಗಕ್ಕೂ ನಡುವೆ ಏನಿದೆ? ಮರಳೋ, ಮೆಟ್ಟಿಲೋ, ಕಲ್ಲುಹಾಸೋ? ಕೂರಲು ಆಸನವುಂಟೋ? ಆ ಆಸನಕ್ಕೆ ಬೆನ್ನೊರಗುವ ಹಲಗೆಯುಂಟೋ? ಶೌಚಗೃಹ ಎಷ್ಟು ದೂರ? ಇವನ್ನು ತಿಳಿದುಕೊಂಡ ಮೇಲೆ ದಾರಿಯನ್ನು ವಿಚಾರಿಸಬೇಕು, ಅನಂತರ ಋತುವನ್ನು. ತೀರದ ಚೆಲುವಿನ ವಿಷಯವನ್ನು ಎಲ್ಲಕ್ಕೂ ಕೊನೆಯಲ್ಲಿ ಕೇಳಿದರೆ ಸಾಕು. ಮೊದಲ ಸಲ ನೋಡುವವರಿಗೆ ಚೆಲುವಿಲ್ಲದ ಸಮುದ್ರವಿಲ್ಲ.

ಇದು ಹೊಸ ವಿಚಾರವೇನೂ ಅಲ್ಲ. ಸಮುದ್ರತೀರದ ವಿಹಾರವೆಂಬುದು ಹುಟ್ಟಿದ್ದೇ ರೋಗಿಗಳಿಗೂ ವೃದ್ಧರಿಗೂ ಎಂಬುದನ್ನು ಇಂಗ್ಲೆಂಡಿನ ಚರಿತ್ರೆಯನ್ನು ಓದಿದವರು ಬಲ್ಲರು. ೧೭೫೦ರಲ್ಲಿ ರಿಚರ್ಡ್ ರಸಲ್ ಎಂಬ ವೈದ್ಯನು ಸಮುದ್ರದ ನೀರಿನ ಔಷಧಗುಣವನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಬರೆದು, ಮುಂದೆ ಬ್ರೈಟನ್ನಿನಲ್ಲಿ ನೆಲಸಿದನು. ಆ ನೀರಿನಲ್ಲಿ ಮೀಯುವುದಲ್ಲದೆ ಅದನ್ನು ಕುಡಿಯಬೇಕೆಂದೂ ಅವನು ವಿಧಿಸಿದನು. ಆ ಭಾಗವನ್ನು ನಾವು ಬಿಟ್ಟುಬಿಡೋಣ. ಅವನ ಮಾತು ಕೇಳಿ ಬಂದವರು ಊರುಗೋಲಿನವರು, ಉಬ್ಬಸದವರು, ವಾತರೋಗದವರು. ಅದೇ ಕಾಲದಲ್ಲಿ ಬಾತ್ ಎಂಬ ಊರಿನಲ್ಲಿ ಮೂರು ಗಾಲಿಯ ಕುರ್ಚಿಯೊಂದು ಹೊರಟು, ಆ ಊರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಅದು ಉರುಳುವುದಕ್ಕೆಂದು ತೀರದುದ್ದಕ್ಕೂ ಸಮತಲವಾದ ಹಾದಿಗಳು ಬೆಳೆದುವು. ಬ್ರೈಟನ್ನಿನಲ್ಲಿ ೧೮೨೩ರಲ್ಲಿ ಹಡಗಿಗೆಂದು ಕಟ್ಟಿದ ಸರಪಳಿಯ ಸೇತುವೆ ಕಾಲು ತೋಯಿಸದೆ ಅಲೆಯ ಮೇಲೆ ತಿರುಗಾಡುವವರ ಹಾದಿಯಾಯಿತು. ಹುಡುಗರ ಚೆಂಡಾಟ, ಮರಳಿನ ಗೋಪುರ ಎಲ್ಲವೂ ಆಮೇಲೆ ಬಂದುವು. ಈಗ ಹುಡುಗರ ಸೊತ್ತಾಗಿರುವುದು ಮೊದಲು ಮುದುಕರ ಸೊತ್ತಾಗಿತ್ತು.

ಮರಳಿನ ವಿಷಯವನ್ನು ಕೊಂಚ ವಿಸ್ತರಿಸಬೇಕು. ಒಣ ಮರಳು ಹೆಜ್ಜೆಯಿಟ್ಟಲ್ಲೆಲ್ಲ ಜಾರುತ್ತದೆ. ಮಂಡಿಯೂ ಹರಡೂ ಪ್ರತಿ ಹೆಜ್ಜೆಗೂ ಹೊಸ ಸಮತೋಲವನ್ನು ಹುಡುಕಬೇಕು. ಊರುಗೋಲು ಚುಚ್ಚಿದಲ್ಲಿ ಇಳಿಯುತ್ತದೆ. ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರಗಳು ಹೂತು, ತಳ್ಳುವವನ ಬಲವೆಲ್ಲ ಕುರ್ಚಿಯನ್ನು ಮುಗ್ಗರಿಸುವುದಕ್ಕೆ ಒದಗುತ್ತದೆ. ಹಿಮ್ಮುಖವಾಗಿ, ದೊಡ್ಡ ಚಕ್ರಗಳ ಮೇಲೆ ಎಳೆದರೆ ಅಷ್ಟಿಷ್ಟು ಸಾಗೀತು. ನೀರು ತೋಯಿಸಿ ಹಿಂದೆ ಸರಿದ ಮರಳು ಮಾತ್ರ ಗಟ್ಟಿಯಾಗಿರುತ್ತದೆ. ಆದರೆ ಅಲ್ಲಿಗೆ ತಲಪಲು ಒಣ ಮರಳನ್ನು ದಾಟಲೇಬೇಕಷ್ಟೆ. ಇನ್ನು ಕುರ್ಚಿಯನ್ನೆತ್ತಿ ಅಲೆಯ ಅಂಚಿನಲ್ಲಿ ಇಟ್ಟು ಹಿರಿಯರನ್ನು ಕೂರಿಸುವ ಉತ್ಸಾಹಿಗಳೂ ಉಂಟು. ಅಲೆ ಹಿಂದಕ್ಕೆ ಹೋಗುವಾಗ ಕುರ್ಚಿಯ ಕಾಲಿನಡಿಯ ಮರಳನ್ನು ಸೆಳೆದೊಯ್ಯುತ್ತದೆ, ಕುರ್ಚಿ ಓರೆಯಾಗುತ್ತದೆ. ನಿಂತವರ ಪಾದದಡಿಯೂ ಹಾಗೆಯೇ. ಹರೆಯದವರು ಬಿದ್ದರೆ ನಗೆ. ಎಪ್ಪತ್ತೈದರವರು ಬಿದ್ದರೆ ತೊಡೆಯ ಮೂಳೆ. ಅಲೆ ಪಾದಕ್ಕೆ ತಾಕಲೇಬೇಕೆಂದಿದ್ದರೆ ಎರಡೂ ಬದಿಗೆ ಒಬ್ಬೊಬ್ಬರು ತೋಳು ಹಿಡಿದು, ನೀರಿಗೆ ಬೆನ್ನು ಮಾಡದೆ, ಹಿಮ್ಮಡಿ ತೋಯುವಷ್ಟರಲ್ಲಿ ನಿಲ್ಲಿಸಬೇಕು. ಅದಕ್ಕೂ ಆಗದವರಿಗೆ ಒಂದು ಚೊಂಬಿನಲ್ಲಿ ನೀರು ತಂದು ಕಾಲ ಮೇಲೆ ಹುಯ್ಯಬಹುದು, ತಲೆಗೆ ಪ್ರೋಕ್ಷಣೆ ಮಾಡಬಹುದು. ಶಾಸ್ತ್ರ ಬಲ್ಲ ನಮ್ಮ ಹಿರಿಯರು ಇದನ್ನು ಕಡಿಮೆಯೆಂದು ಎಣಿಸುವುದಿಲ್ಲ. ಕಡಿಮೆಯೆಂದು ಎಣಿಸುವವರು ಚಿತ್ರ ತೆಗೆಯಲು ನಿಂತ ಮೊಮ್ಮಕ್ಕಳು.

ಹಾಗಾದರೆ ಎತ್ತ ಹೋಗಬೇಕು? ಸಮುದ್ರವೆಂದೊಡನೆ ನಮ್ಮವರ ಮನಸ್ಸು ಪಡುವಣಕ್ಕೆ ಓಡುತ್ತದೆ. ಉಡುಪಿ, ಮುರ್ಡೇಶ್ವರ, ಗೋಕರ್ಣಗಳು ನಮ್ಮ ಭಾಷೆಯ ನಾಡಿನವು. ದೇವರ ದರ್ಶನವೂ ಆಗುತ್ತದೆ. ಇದು ಸಹಜ. ಆದರೆ ನಮ್ಮ ನೆಲದ ಇಳಿಜಾರು ಬೇರೆಯೊಂದು ಮಾತನ್ನು ಹೇಳುತ್ತದೆ. ನಂದಿಯ ಸಾಲಿನ ಬೆಟ್ಟಗಳಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು, ಆಂಧ್ರದಲ್ಲಿ ಬಹುದೂರ ಸುತ್ತಿ, ನೆಲ್ಲೂರಿನಾಚೆ ಸಮುದ್ರಕ್ಕೆ ಬೀಳುತ್ತದೆ. ಅದೇ ಸಾಲಿನ ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಗೆ ಇಳಿದು ತಮಿಳುನಾಡನ್ನು ಹೊಕ್ಕು ಕಡಲೂರಿನ ಬಳಿ ಕಡಲು ಸೇರುತ್ತದೆ. ಪಾಲಾರಿನ ಮೊದಲ ಹಳ್ಳಗಳೂ ನಮ್ಮ ಕಡೆಯವೇ. ಅದರ ಮುಖ ಕಲ್ಪಾಕಂ ಸಮೀಪದಲ್ಲಿದೆ. ನಮ್ಮಲ್ಲಿ ಬಿದ್ದ ಮಳೆಯಲ್ಲಿ ಒಂದು ಹನಿಯೂ ಪಡುಗಡಲಿಗೆ ಹೋಗುವುದಿಲ್ಲ. ನೀರು ಸುಲಭವಾದ ದಾರಿಯನ್ನೇ ಹಿಡಿಯುತ್ತದೆಯಷ್ಟೆ. ನೋಯುವ ಬೆನ್ನಿನವರೂ ಹಾಗೆ ಮಾಡುವುದು ಲೇಸು. ಪಡುವಣಕ್ಕೆ ಹೋಗುವವರು ಬೆಂಗಳೂರನ್ನು ದಾಟಿ, ಹಾಸನವನ್ನು ದಾಟಿ, ಶಿರಾಡಿಯ ಘಟ್ಟವನ್ನಿಳಿದು, ನಾನೂರು ಕಿಲೋಮೀಟರಿಗೆ ಮೇಲ್ಪಟ್ಟು ಪ್ರಯಾಣ ಮಾಡಬೇಕು. ಮಳೆಗಾಲದಲ್ಲಿ ಆ ಘಟ್ಟದಲ್ಲಿ ಗುಡ್ಡ ಜರಿದು ಸಂಚಾರ ನಿಲ್ಲುವುದುಂಟು. ಚಿಂತಾಮಣಿಯಿಂದ ಮುಳಬಾಗಿಲು, ಚಿತ್ತೂರುಗಳ ಮೇಲೆ ಚೆನ್ನೈಗಾದರೆ ಮುನ್ನೂರು ಕಿಲೋಮೀಟರಿಗೆ ಒಳಗಿನ ದಾರಿ. ನಡುವೆ ಮೊಗಿಲಿಯ ಘಟ್ಟವೊಂದಿದ್ದರೂ ಅದು ಹೊಟ್ಟೆ ತೊಳಸುವಂಥದಲ್ಲ.

ಮೂಡಣ ತೀರದಲ್ಲಿ ಎರಡು ಸ್ಥಳಗಳನ್ನು ಹೋಲಿಸಿ ನೋಡುವುದು ಬಲು ಉಪಯುಕ್ತ. ಒಂದೇ ಕಾರಣದಿಂದ ಅವೆರಡೂ ಒಂದಕ್ಕೊಂದು ವಿರುದ್ಧವಾಗಿವೆ. ಈ ತೀರದಲ್ಲಿ ಅಲೆಗಳು ಮರಳನ್ನು ವರ್ಷದ ಹೆಚ್ಚು ಭಾಗ ತೆಂಕಣಿಂದ ಬಡಗಣಕ್ಕೆ ಸಾಗಿಸುತ್ತವೆ. ಅಡ್ಡಲಾಗಿ ಕಲ್ಲಿನ ಗೋಡೆ ಕಟ್ಟಿದರೆ ತೆಂಕಣ ಬದಿಯಲ್ಲಿ ಮರಳು ಶೇಖರವಾಗುತ್ತದೆ, ಬಡಗಣ ಬದಿ ಸವೆಯುತ್ತದೆ. ಮದರಾಸಿನಲ್ಲಿ ೧೮೭೬ರಲ್ಲಿ ಬಂದರಿನ ಗೋಡೆಗಳಿಗೆ ಕೈಹಾಕಿದರು. ಅದರ ತೆಂಕಣಕ್ಕಿರುವ ಮರೀನಾ ತೀರಕ್ಕೆ ಮರಳು ಬಂದು ಬಂದು ಕೂಡಿ, ಸಮುದ್ರ ದೂರ ಸರಿಯಿತು. ಪುದುಚೇರಿಯಲ್ಲಿ ೧೯೮೦ರ ದಶಕದ ಕೊನೆಯಲ್ಲಿ ಊರಿನ ತೆಂಕಣಕ್ಕೆ ಬಂದರು ಕಟ್ಟಿದರು. ಬಡಗಣಕ್ಕಿದ್ದ ಊರ ಮುಂದಿನ ಮರಳೆಲ್ಲ ಕೊಚ್ಚಿಹೋಗಿ, ಸಮುದ್ರ ಬಾಗಿಲಿಗೆ ಬಂದಿತು. ಬೆಸ್ತರಿಗೆ ಅದು ಕಷ್ಟವಾಯಿತು, ಊರಿಗೆ ನಷ್ಟವಾಯಿತು. ೨೦೧೮ರ ಸುಮಾರಿಗೆ ನೀರಿನೊಳಗೆ ಕೃತಕ ದಿಣ್ಣೆಯೊಂದನ್ನು ಇಳಿಸಿದ ಮೇಲೆ ಕೊಂಚ ಮರಳು ಮರಳಿ ಬಂದಿತು. ಆದರೆ ನಾವು ಮಾತನಾಡುತ್ತಿರುವ ಹಿರಿಯರ ಮಟ್ಟಿಗೆ ನೋಡಿದರೆ, ಅಲ್ಲಿ ಮರಳನ್ನು ದಾಟುವ ಪ್ರಶ್ನೆಯೇ ಇಲ್ಲ. ಗೂಬೇರ್ ರಸ್ತೆಯೆಂಬ ಕಡಲಬೀದಿ ಒಂದು ಕಿಲೋಮೀಟರಿಗೂ ಮಿಗಿಲಾಗಿ ಮೇಜಿನಂತೆ ಸಮತಲವಾಗಿದೆ. ಅದರ ಅಂಚಿನಲ್ಲಿ ಕರಿಯ ಬಂಡೆಗಳು, ಬಂಡೆಗೆ ತಾಕಿ ಸಿಡಿಯುವ ಅಲೆ. ಸಂಜೆ ಆರರಿಂದ ಮರುದಿನ ಬೆಳಗಿನ ತನಕ ಅಲ್ಲಿ ಮೋಟಾರುಗಳನ್ನು ಬಿಡುವುದಿಲ್ಲ. ಗಾಲಿಕುರ್ಚಿಯನ್ನು ಒಂದು ಕೈಯಲ್ಲಿ ತಳ್ಳಿಕೊಂಡು, ಗಾಂಧೀಜಿಯ ಪ್ರತಿಮೆಯಿಂದ ಹಳೆಯ ದೀಪಸ್ತಂಭದ ಕಡೆಗೂ ಅಲ್ಲಿಂದ ಹಿಂದಕ್ಕೂ ಹಾಯಾಗಿ ಸುತ್ತಬಹುದು. ಕೂತು ನೋಡುವವರಿಗೆ ಬೆಳಗಿನ ಐದೂವರೆ ಆರರ ಹೊತ್ತು ಎಲ್ಲಕ್ಕಿಂತ ಮೇಲು. ಮೂಡುಗಡಲಲ್ಲಿ ಸೂರ್ಯ ನೀರಿನಿಂದ ಏಳುತ್ತಾನೆ. ಹಿರಿಯರು ಹೇಗೂ ನಾಲ್ಕಕ್ಕೇ ಎದ್ದಿರುತ್ತಾರೆ.

ಮರೀನಾದ ವಿಷಯದಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನು ಹೇಳಬೇಕು. ಆ ವಿಶಾಲವಾದ ಮರಳಿನ ಮೇಲೆ ಚೆನ್ನೈ ನಗರಸಭೆಯವರು ನಡೆಯಲಾರದವರಿಗಾಗಿಯೇ ೨೬೩ ಮೀಟರು ಉದ್ದದ ಮರದ ಹಾದಿಯೊಂದನ್ನು ಹಾಸಿ, ೨೦೨೨ರ ನವೆಂಬರಿನಲ್ಲಿ ತೆರೆದರು. ಗಾಲಿಕುರ್ಚಿಯಲ್ಲಿ ಕುಳಿತವರು ಜನ್ಮದಲ್ಲಿ ಮೊದಲ ಸಲ ಅಲೆಯ ಹತ್ತಿರ ಹೋದರು. ಎರಡು ವಾರ ಕಳೆಯುವುದರೊಳಗೆ ಮಾಂಡೂಸ್ ಎಂಬ ಚಂಡಮಾರುತ ಬಂದು ಅದರ ತುದಿಯನ್ನು ಮುರಿಯಿತು. ಬ್ರೈಟನ್ನಿನ ಸರಪಳಿ ಸೇತುವೆಯನ್ನೂ ೧೮೯೬ರ ಡಿಸೆಂಬರಿನ ಬಿರುಗಾಳಿಯೇ ಕೊಂಡೊಯ್ದಿತ್ತು. ಸಮುದ್ರಕ್ಕೆ ಇಂಥ ಉಪಕಾರಗಳ ಮೇಲೆ ಗೌರವವಿಲ್ಲ. ಮದರಾಸಿನವರು ಬೇಸರಪಡದೆ ಅದನ್ನು ದುರಸ್ತು ಮಾಡಿ ಮತ್ತೆ ತೆರೆದರು. ಒಂದು ನಗರ ತನ್ನ ಕಾಲಿಲ್ಲದವರಿಗಾಗಿ ಇಷ್ಟು ಹಟ ಹಿಡಿದುದು ನಮಗೆ ಬಹಳ ಮೆಚ್ಚಿಕೆಯಾಯಿತು. ಆದರೆ ಹೋಗುವವರು ಹಾದಿ ಆ ದಿನ ಸುಸ್ಥಿತಿಯಲ್ಲಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಸಂಕ್ರಾಂತಿಯ ಮರುದಿನಗಳಲ್ಲಂತೂ ಅತ್ತ ತಲೆ ಹಾಕಬಾರದು; ಕಾಣುಂ ಪೊಂಗಲ್ ಎಂದು ಮದರಾಸಿನ ಜನವೆಲ್ಲ ಆ ಮರಳಿನ ಮೇಲಿರುತ್ತಾರೆ.

ಪಡುವಣಕ್ಕೇ ಹೋಗಬೇಕೆಂದು ಹಿರಿಯರು ಹಟ ಮಾಡಿದರೆ ಅಡ್ಡಿ ಮಾಡಬೇಕಾದ್ದಿಲ್ಲ. ಕುಂದಾಪುರದಾಚೆ ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕಕ್ಕೆ ಸಮುದ್ರ, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕಾ ನದಿ. ಗಾಡಿಯ ಗಾಜನ್ನಿಳಿಸಿದರೆ ಸಾಕು, ಇಳಿಯುವ ಪ್ರಮೇಯವೇ ಇಲ್ಲ. ಸುರಕ್ಷಿತವಾದ ಜಾಗದಲ್ಲಿ ಗಾಡಿ ನಿಲ್ಲಿಸಬೇಕಷ್ಟೆ, ಅಲ್ಲಿ ಲಾರಿಗಳ ವೇಗ ಬಹಳ. ಮುರ್ಡೇಶ್ವರದ ಇಪ್ಪತ್ತು ಅಂತಸ್ತಿನ ರಾಜಗೋಪುರದಲ್ಲಿ ಲಿಫ್ಟ್ ಇದೆ. ಮೇಲಿನಿಂದ ಮೂರು ಕಡೆಯ ನೀರೂ ಕಾಣುತ್ತದೆ. ಮಲ್ಪೆಯ ಅಳಿವೆಯ ಬಳಿ ಕಟ್ಟಿರುವ ಕಡಲ ನಡಿಗೆಯ ಹಾದಿ ಕಲ್ಲುಹಾಸಿನದು. ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ೨೦೨೦ರಲ್ಲಿ ನೀಲಿ ಬಾವುಟವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತಿತು. ಡೆನ್ಮಾರ್ಕಿನ ಸಂಸ್ಥೆಯೊಂದು ಮೂವತ್ತಮೂರು ಅಂಶಗಳನ್ನು ಪರೀಕ್ಷಿಸಿ, ವರ್ಷ ವರ್ಷವೂ ಹೊಸದಾಗಿ ಕೊಡುವ ಮನ್ನಣೆಯಿದು. ಶುದ್ಧ ನೀರು, ಶೌಚಗೃಹಗಳೊಡನೆ ಅಂಗವಿಕಲರಿಗೆ ದಾರಿಯಿದೆಯೇ ಎಂಬುದನ್ನೂ ಅವರು ನೋಡುತ್ತಾರೆ. ಗೋಕರ್ಣದ ಓಣಿಗಳು ಇಕ್ಕಟ್ಟು. ಸೇಂಟ್ ಮೇರಿಯ ದ್ವೀಪಕ್ಕೆ ದೋಣಿ ಹತ್ತಿ ಇಳಿಯುವುದು ಮಂಡಿಯವರ ಕೆಲಸವಲ್ಲ. ಇಷ್ಟು ಸಾಕು.

ಕಾಲವನ್ನು ಆರಿಸುವಲ್ಲಿ ಎರಡು ತೀರಗಳಿಗೂ ಭೇದವಿದೆ. ಪಡುವಣದಲ್ಲಿ ಜೂನಿನಿಂದ ಸೆಪ್ಟೆಂಬರಿನ ವರೆಗೆ ಮುಂಗಾರು. ಮೂಡಣದಲ್ಲಿ ಅಕ್ಟೋಬರಿನಿಂದ ಡಿಸೆಂಬರಿನ ವರೆಗೆ ಹಿಂಗಾರು, ಅದರೊಡನೆ ಚಂಡಮಾರುತ. ೨೦೨೪ರ ನವೆಂಬರ್ ೩೦ರ ರಾತ್ರಿ ಫೆಂಗಲ್ ಎಂಬುದು ಪುದುಚೇರಿಯ ಹತ್ತಿರವೇ ದಡ ಹತ್ತಿ, ಊರನ್ನು ನೀರಿನಲ್ಲಿ ಮುಳುಗಿಸಿತು. ಏಪ್ರಿಲ್ ಮೇ ತಿಂಗಳುಗಳಲ್ಲಿ ಎರಡೂ ಕಡೆಯ ಸೆಕೆ ಒಂಬೈನೂರು ಮೀಟರು ಎತ್ತರದಲ್ಲಿ ಬಾಳಿದ ನಮ್ಮ ಜನರಿಗೆ ತಡೆಯದು. ಬೆವರು ಆರದೆ ನಿತ್ರಾಣ ಬರುತ್ತದೆ. ಶಾಲೆಗಳಿಗೆ ರಜವೆಂದು ಮಕ್ಕಳು ಗೊತ್ತುಮಾಡುವುದು ಆ ತಿಂಗಳುಗಳನ್ನೇ ಎಂಬುದು ವಿಚಾರಿಸಬೇಕಾದ ಸಂಗತಿ. ಸಂಕ್ರಾಂತಿಯ ಗದ್ದಲ ಮುಗಿದ ಮೇಲೆ ಶಿವರಾತ್ರಿಯ ವರೆಗಿನ ದಿನಗಳು ಹಿರಿಯರಿಗೆ ಯೋಗ್ಯವಾದುವು. ಶಿಡ್ಲಘಟ್ಟ, ಚಿಂತಾಮಣಿಯ ಮನೆಗಳಲ್ಲಿ ಪಂಚಾಂಗಕ್ಕಿಂತ ದೊಡ್ಡ ಪಂಚಾಂಗ ಇನ್ನೊಂದಿದೆ: ಹುಳು ಎಷ್ಟನೆಯ ಜ್ವರದಲ್ಲಿದೆ ಎಂಬುದು. ನಾಲ್ಕನೆಯ ಜ್ವರವೆದ್ದ ಹುಳುವಿಗೆ ಹಗಲಿರುಳು ಸೊಪ್ಪು ಹಾಕುವ ವಾರದಲ್ಲಿ ಯಾವ ಹಿರಿಯರೂ ಮನೆ ಬಿಟ್ಟು ಬರುವುದಿಲ್ಲ. ಬಲವಂತವಾಗಿ ಕರೆತಂದರೂ ಅವರ ಮನಸ್ಸು ಹುಳುಮನೆಯಲ್ಲಿರುತ್ತದೆ. ಹುಳು ಹಣ್ಣಾಗಿ, ಚಂದ್ರಂಕಿಗೆ ಹತ್ತಿ, ಗೂಡು ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಮೊಟ್ಟೆ ತರುವುದಕ್ಕೆ ಮುಂಚೆ ಸಿಗುವ ಬಿಡುವೇ ಸರಿಯಾದ ಮುಹೂರ್ತ.

ದಾರಿಯ ವಿಷಯದಲ್ಲಿ ಸಂಕೋಚಪಟ್ಟು ಯಾರೂ ಆಡದ ಮಾತೊಂದನ್ನು ನಾವು ಆಡಬೇಕಾಗಿದೆ. ನಮ್ಮ ವಯಸ್ಸಾದ ಹೆಂಗಸರು ಪ್ರಯಾಣದ ದಿನ ಬೆಳಗಿನಿಂದ ನೀರು ಕುಡಿಯುವುದಿಲ್ಲ. ಬಾಯಾರಿಕೆಯಿಲ್ಲ ಎನ್ನುತ್ತಾರೆ. ನಿಜವಾಗಿ ದಾರಿಯಲ್ಲಿ ಇಳಿಯಬೇಕಾದೀತು, ಇಳಿದರೆ ಕೂರುವ ಜಾಗವಿರದು, ಕೂತರೆ ಏಳಲಾಗದು, ಮಗನಿಗೆ ಹೇಳಲು ನಾಚಿಕೆ. ರಕ್ತದೊತ್ತಡಕ್ಕೆ ಗುಳಿಗೆ ನುಂಗುವವರು ಹೀಗೆ ಏಳೆಂಟು ಗಂಟೆ ಒಣಗಿದರೆ ತಲೆ ಸುತ್ತಿ ಬೀಳುವುದು ಆಶ್ಚರ್ಯವಲ್ಲ. ಆದುದರಿಂದ ಹೊರಡುವ ಮುಂಚೆಯೇ, ಎತ್ತರದ ಕಮೋಡುಳ್ಳ ಎರಡು ಮೂರು ತಂಗುವ ಸ್ಥಳಗಳನ್ನು ಗೊತ್ತುಮಾಡಿಕೊಂಡು, ಅವುಗಳ ಹೆಸರನ್ನು ಹಿರಿಯರಿಗೆ ಹೇಳಿ, ಕೇಳುವುದಕ್ಕೆ ಕಾಯದೆ ಅಲ್ಲಿ ಗಾಡಿ ನಿಲ್ಲಿಸಬೇಕು. ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಕಾಲಿನ ಬಾವೂ ಇಳಿಯುತ್ತದೆ. ಪುದುಚೇರಿಗೆ ಒಂದೇ ದಿನದಲ್ಲಿ ಹೋಗಲೇಬೇಕೆಂದಿಲ್ಲ. ತಿರುವಣ್ಣಾಮಲೆ ದಾರಿಯಲ್ಲೇ ಇದೆ, ರಾತ್ರಿ ಅಲ್ಲಿ ತಂಗಬಹುದು. ಹುಣ್ಣಿಮೆಯ ದಿನ ಮಾತ್ರ ಬೇಡ; ಗಿರಿಪ್ರದಕ್ಷಿಣೆಯ ಜನಸಂದಣಿಯಲ್ಲಿ ಕೊಠಡಿ ದೊರೆಯದು.

ರೈಲಿನಲ್ಲಿ ಹೋಗುವವರಿಗೆ ಶೌಚಗೃಹ ಹತ್ತಿರವಿದೆಯೆಂಬುದು ಒಂದು ಸಮಾಧಾನ, ಅದು ಅಲ್ಲಾಡುತ್ತಿರುತ್ತದೆಯೆಂಬುದು ಒಂದು ಭಯ. ಚಿಂತಾಮಣಿ, ಶಿಡ್ಲಘಟ್ಟದವರು ಬಂಗಾರಪೇಟೆಗೆ ಬಂದರೆ ಮದರಾಸಿನ ಮುಖ್ಯ ಮಾರ್ಗ ಸಿಕ್ಕುತ್ತದೆ. ಹಿರಿಯರಿಗಿದ್ದ ದರದ ರಿಯಾಯಿತಿ ೨೦೨೦ರ ಮಾರ್ಚಿನಲ್ಲಿ ನಿಂತುಹೋಯಿತು. ಕೆಳಗಿನ ಬರ್ತಿನ ಮೀಸಲು ನಿಲ್ಲಲಿಲ್ಲ. ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಮೀಸಲು ಒಬ್ಬರು ಅಥವಾ ಇಬ್ಬರು ಹಿರಿಯರು ಮಾತ್ರ ಇರುವ ಟಿಕೆಟ್ಟಿಗೆ ದೊರೆಯುತ್ತದೆ. ಮನೆಯವರೆಲ್ಲರ ಹೆಸರನ್ನೂ ಒಂದೇ ಟಿಕೆಟ್ಟಿನಲ್ಲಿ ಬರೆಸಿ, ಅಜ್ಜನಿಗೆ ಮೇಲಿನ ಬರ್ತು ಬಂದಿತೆಂದು ಗೋಳಾಡುವುದಕ್ಕಿಂತ ಅಜ್ಜ ಅಜ್ಜಿಯರಿಗೆ ಬೇರೆ ಟಿಕೆಟ್ಟು ಮಾಡಿಸುವುದು ಜಾಣತನ.

ವಿಮಾನವೆಂದರೆ ಆಡಂಬರವೆಂದು ನಮ್ಮಲ್ಲಿ ಭಾವನೆಯುಂಟು. ಆದರೆ ದೇವನಹಳ್ಳಿಯ ವಿಮಾನ ನಿಲ್ದಾಣ ೨೦೦೮ರಲ್ಲಿ ತೆರೆದಂದಿನಿಂದ ಚಿಕ್ಕಬಳ್ಳಾಪುರದವರಿಗೆ ಅದು ಬೆಂಗಳೂರಿನ ಮೆಜೆಸ್ಟಿಕ್ಕಿಗಿಂತ ಹತ್ತಿರವಾಗಿದೆ. ಗಾಲಿಕುರ್ಚಿಯನ್ನು ಮುಂಚಿತವಾಗಿ ಕೇಳಿದರೆ ಬಾಗಿಲಿನಿಂದ ಆಸನದ ವರೆಗೆ ತಳ್ಳಿಕೊಂಡು ಹೋಗುತ್ತಾರೆ. ಮಂಗಳೂರಾಗಲಿ ಚೆನ್ನೈಯಾಗಲಿ ಒಂದು ಗಂಟೆಯ ಮಾತು. ಪುದುಚೇರಿಯ ವಿಮಾನ ನಿಲ್ಲುತ್ತ ಹೊರಡುತ್ತ ಬಂದಿದೆ. ಅಲ್ಲಿಗೆ ಹೋಗುವ ಸಣ್ಣ ವಿಮಾನಗಳಿಗೆ ಮೆಟ್ಟಿಲೇರಬೇಕಾದುದರಿಂದ ಎತ್ತುವ ಯಂತ್ರವುಂಟೇ ಎಂದು ಕೇಳಬೇಕು. ಎಂಟು ಗಂಟೆ ಕೂರಲಾರದ ಬೆನ್ನಿಗೆ ಈ ವೆಚ್ಚ ಆಡಂಬರವಲ್ಲ. ಇಡೀ ಸಂಸಾರ ವಿಮಾನದಲ್ಲಿ ಹೋಗಬೇಕೆಂದೂ ಇಲ್ಲ. ಹಿರಿಯರಿಬ್ಬರೂ ಜೊತೆಗೊಬ್ಬರೂ ಹಾರಿದರೆ, ಉಳಿದವರು ಮೋಟಾರಿನಲ್ಲಿ ಬಂದು ಸೇರಬಹುದು.

ತಂಗುವ ಕೊಠಡಿಯನ್ನು ಗೊತ್ತುಮಾಡುವಾಗ 'ಸಮುದ್ರ ಕಾಣುತ್ತದೆಯೇ' ಎಂದು ಎಲ್ಲರೂ ಕೇಳುತ್ತಾರೆ. ಅದು ಒಳ್ಳೆಯ ಪ್ರಶ್ನೆಯೇ. ಕಾಲಿಲ್ಲದವರಿಗೆ ಕಿಟಕಿ ಅರ್ಧ ವಿಹಾರ. ಇತರರು ತಿರುಗಾಡಲು ಹೋದಾಗಲೂ ಅವರು ಸಮುದ್ರದ ಮುಂದೆಯೇ ಇರುತ್ತಾರೆ. ಆದುದರಿಂದ ಹಣ ಹೆಚ್ಚು ಕೊಡಬೇಕಾದಲ್ಲಿ ಊಟಕ್ಕೆ ಕಡಮೆ ಮಾಡಿ ಕಿಟಕಿಗೆ ಕೊಡಿ ಎಂಬುದು ನಮ್ಮ ಅಭಿಪ್ರಾಯ. ಆದರೆ ಇದರೊಡನೆ ಬಚ್ಚಲಿನ ಬಾಗಿಲೆಷ್ಟು ಅಗಲವೆಂದು ಕೇಳಲು ಮರೆಯಬಾರದು. ಸಾಮಾನ್ಯವಾದ ಗಾಲಿಕುರ್ಚಿ ಎರಡು ಅಡಿಗೆ ಮಿಗಿಲಾದ ಅಗಲವುಳ್ಳದ್ದು; ನಮ್ಮ ವಸತಿಗೃಹಗಳ ಬಚ್ಚಲ ಬಾಗಿಲು ಅನೇಕವು ಎರಡಡಿಯೇ. 'ಲಿಫ್ಟ್ ಇದೆ' ಎಂದು ಹೇಳಿದ ಒಂದು ಗೃಹಕ್ಕೆ ನಾವು ಹೋದಾಗ ಲಿಫ್ಟಿಗೆ ತಲಪಲು ಏಳು ಮೆಟ್ಟಿಲಿದ್ದುವು. ಹೇಳಿದವರು ಸುಳ್ಳಾಡಲಿಲ್ಲ, ಮೆಟ್ಟಿಲನ್ನು ಕಾಣುವ ಅಭ್ಯಾಸ ಅವರಿಗಿರಲಿಲ್ಲ. ಆದುದರಿಂದ ಫೋನಿನಲ್ಲಿ 'ಅನುಕೂಲವಿದೆಯೇ' ಎಂದು ಕೇಳಬೇಡಿ. 'ರಸ್ತೆಯಿಂದ ಹಾಸಿಗೆಯ ತನಕ ಎಷ್ಟು ಮೆಟ್ಟಿಲು, ಎಣಿಸಿ ಹೇಳಿ' ಎಂದು ಕೇಳಿ. ಚಿತ್ರ ಕಳಿಸಲು ಹೇಳಿ. ಈಗಿನ ಕಾಲದಲ್ಲಿ ಅದು ಕ್ಷಣದ ಕೆಲಸ.

ಇಷ್ಟೆಲ್ಲ ಸಿದ್ಧತೆ ಮಾಡಿದ ಮೇಲೂ ಹಿರಿಯರು 'ನಮ್ಮಿಂದ ನಿಮಗೇಕೆ ತೊಂದರೆ, ಮುಂದಿನ ವರ್ಷ ನೋಡೋಣ' ಎನ್ನುವರು. ಇದು ಬೇಡವೆಂಬ ಮಾತೋ ಸಂಕೋಚದ ಮಾತೋ ಎಂದು ತಿಳಿಯುವುದು ಮಕ್ಕಳಿಗೆ ಸೇರಿದುದು. ನಿಜವಾಗಿ ಬೇಡವೆನ್ನುವವರೂ ಇದ್ದಾರೆ, ಅವರನ್ನು ಮನೆಯ ಜಗಲಿಯಲ್ಲಿ ಸುಖವಾಗಿರಗೊಡಬೇಕು. ಆದರೆ ಸಮುದ್ರದ ಮಾತು ಬಂದಾಗ ಕಿವಿ ನೆಟ್ಟಗಾಗುವವರ ವಿಷಯದಲ್ಲಿ ಮುಂದಿನ ವರ್ಷವನ್ನು ನಂಬಬಾರದು. ಈ ವರ್ಷ ಊರುಗೋಲಿನಲ್ಲಿ ಹೋಗಬಲ್ಲವರಿಗೆ ಬರುವ ವರ್ಷ ಕುರ್ಚಿ ಬೇಕಾಗಬಹುದು.

ಪುದುಚೇರಿಗೆ ಹೋದವರು ಇನ್ನೊಂದು ಅರ್ಧ ದಿನವನ್ನು ಇಟ್ಟುಕೊಳ್ಳುವುದಾದರೆ, ತೆಂಕಣಕ್ಕೆ ಇಪ್ಪತ್ತು ಕಿಲೋಮೀಟರಿನಾಚೆ ಕಡಲೂರಿನ ರಸ್ತೆಯಿದೆ. ಊರನ್ನು ಹೊಗುವ ಮುಂಚೆ ಒಂದು ಸೇತುವೆ ಬರುತ್ತದೆ. ಕೆಳಗಿನ ಹೊಳೆಯನ್ನು ಆ ಜನ ತೆನ್ಪೆಣ್ಣೈ ಎನ್ನುತ್ತಾರೆ. ಅದು ನಮ್ಮ ದಕ್ಷಿಣ ಪಿನಾಕಿನಿ. ನಂದಿಯ ಸಾಲಿನಲ್ಲಿ ಹುಟ್ಟಿ, ಬೆಂಗಳೂರಿನ ಕೊಳೆಯನ್ನೂ ಹೊತ್ತು, ಸಾತನೂರಿನ ಅಣೆಕಟ್ಟಿನಲ್ಲಿ ನಿಂತು, ಉಳಿದಷ್ಟು ಇಲ್ಲಿಗೆ ಬರುತ್ತದೆ. ಗಾಡಿಯಿಂದ ಇಳಿಯಬೇಕಾದ ಅಗತ್ಯವಿಲ್ಲ. ಸೇತುವೆಯ ಮೇಲೆ ನಿಧಾನವಾಗಿ ಹೋಗುವಂತೆ ಚಾಲಕನಿಗೆ ಹೇಳಿ, ಹಿರಿಯರನ್ನು ಎಡಗಡೆಯ ಕಿಟಕಿಯ ಬಳಿ ಕೂರಿಸಿ. ಅಳಿವೆ ಇರುವುದು ಆ ಕಡೆಗೆ.